ಹಳೇ ಮಚ್ಚೆ ಬದಲಾದ್ರೆ ಇಂಗ್ಲೆಂಡಲ್ಲಿ ಜಿಪಿಗೆ ಏನಂತ ಹೇಳೋದು? ನಮ್ಮ ತುಮಕೂರಿನವ್ರಿಗೆ

ತುಮಕೂರಲ್ಲಾದ್ರೆ ಸಂಜೆ ಬಿ.ಎಚ್. ರೋಡಲ್ಲಿ ಯಾವ್ದಾದ್ರೂ ಸ್ಕಿನ್ ಡಾಕ್ಟ್ರ ಹತ್ರ ಟೋಕನ್ ತಗೊಂಡು ಕೂತ್ರೆ ಆಯ್ತು, ನೋಡ್ತಾರೆ, ಬೇಡ ಅಂದ್ರೆ ಅಲ್ಲೇ ಸುಟ್ಟು ಕಳಿಸ್ತಾರೆ. ಇಲ್ಲಿ ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಂಗೆ ಸೀದಾ ಹೋಗಕ್ಕಾಗಲ್ಲ. ಮೊದ್ಲು ಜಿಪಿ (ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟ್ರು), ಅವ್ರು ರೆಫರ್ ಮಾಡಿದ್ಮೇಲೆ ಆಸ್ಪತ್ರೆ.

ಅದಕ್ಕೇ "ನೋಡಕ್ಕೆ ಚೆನ್ನಾಗಿಲ್ಲ, ತೆಗೆದ್ಬಿಡಿ" ಅಂತ ಮಾತ್ರ ಶುರು ಮಾಡ್ಬೇಡಿ. ಅಪಾಯ ಇಲ್ಲದ ಮಚ್ಚೆ, ನರುಲಿನ ಬರೀ ಅಂದಕ್ಕೋಸ್ಕರ ಎನ್‌ಎಚ್‌ಎಸ್ ಸಾಮಾನ್ಯವಾಗಿ ತೆಗೆಯಲ್ಲ. ಏನು ಬದಲಾಗಿದೆ, ಯಾವಾಗಿಂದ, ಅದನ್ನ ಹೇಳಿ. ಜಿಪಿಗಳ ಹತ್ರ ಒಂದು ಅಂಕದ ಲೆಕ್ಕ ಇದೆ ಕಣ್ರೀ: ಸೈಜ್ ಬದಲಾಗಿದ್ರೆ, ಆಕಾರ ಅಂಕುಡೊಂಕಾಗಿದ್ರೆ, ಬಣ್ಣ ಒಂದೇ ಸಮ ಇಲ್ದಿದ್ರೆ ತಲಾ 2, ಅಗಲ 7 ಮಿಲಿಮೀಟರ್ ಅಥವಾ ಜಾಸ್ತಿ ಇದ್ರೆ, ಊದ್ಕೊಂಡಿದ್ರೆ, ನೀರು ರಕ್ತ ಒಸರಿದ್ರೆ, ನವೆ ಥರ ಏನಾದ್ರೂ ಆಗ್ತಿದ್ರೆ ತಲಾ 1. ಒಟ್ಟು 3 ಅಥವಾ ಜಾಸ್ತಿ ಬಂದ್ರೆ ಅರ್ಜೆಂಟ್ ರೆಫರಲ್. ಕ್ಯಾನ್ಸರ್ ಹೌದೋ ಅಲ್ವೋ 28 ದಿನದೊಳಗೆ ಹೇಳ್ಬೇಕು ಅನ್ನೋದು ಎನ್‌ಎಚ್‌ಎಸ್ ಗುರಿ. ಲೆಟರಲ್ಲಿ 'ಸಸ್ಪೆಕ್ಟೆಡ್ ಕ್ಯಾನ್ಸರ್' ಅಂತ ಇದ್ರೆ ಊರಿಗೆ ಫೋನ್ ಮಾಡಿ ಅಮ್ಮನ್ನ ಅಳಿಸ್ಬೇಡಿ, ಹಂಗೆ ಹೋದವ್ರಲ್ಲಿ ಬಹುಪಾಲು ಜನಕ್ಕೆ ಏನೂ ಇರಲ್ಲ.

ಬದಲಾದದ್ದೆಲ್ಲಾ ಕೆಟ್ಟದ್ದೂ ಅಲ್ಲ. ವಯಸ್ಸಾದ್ಮೇಲೆ ಬೆನ್ನು, ಮುಖದ ಮೇಲೆ ಮೇಣ ಅಂಟಿಸಿದಂಗೆ ಕಂದು ಕಪ್ಪು ಗಂಟು ಬರುತ್ತಲ್ಲ, ಸೆಬೊರಿಕ್ ಕೆರಟೋಸಿಸ್ ಅಂತಾರೆ, ಅದು ಕಾಲರ್‌ಗೋ ಬ್ರಾ ಪಟ್ಟಿಗೋ ಉಜ್ಜಿ ಕೆಂಪಾಗುತ್ತೆ, ಹಕ್ಕಳೆ ಏಳುತ್ತೆ, ಕೆರ್ಕೊಂಡ್ರೆ ರಕ್ತಾನೂ ಬರುತ್ತೆ. ಆದ್ರೆ ಬರಿಗಣ್ಣಿಗೆ ಮೆಲನೋಮಾನೂ (ಅಪಾಯದ ಚರ್ಮದ ಕ್ಯಾನ್ಸರ್) ಕೆಲವು ಸಲ ಹಂಗೇ ಕಾಣೋದ್ರಿಂದ ಡರ್ಮಟೋಸ್ಕೋಪ್ (ಚರ್ಮ ದೊಡ್ಡದಾಗಿ ತೋರಿಸೋ ಲೆನ್ಸ್) ಇಟ್ಟು ನೋಡೋರು ಬೇಕು, ನೀವೇ ಗೂಗಲ್ ನೋಡ್ಕೊಂಡು ತೀರ್ಮಾನ ಮಾಡೋದಲ್ಲ. ನಮ್ಮ ಬಣ್ಣದವ್ರು ಅಂಗಾಲು, ಅಂಗೈ, ಉಗುರಿನ ಕೆಳಗೂ ನೋಡ್ಕೋಬೇಕು. ಒಂದೇ ಉಗುರಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲ ಆಗ್ತಿದ್ರೆ ತೋರಿಸಿ.

ತುಂಬಾ ಕಡೆ ಜಿಪಿ ಮೊದ್ಲು ಫೋಟೋ ಕೇಳ್ತಾರೆ. ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ದೆ, ದೂರದಿಂದ ಒಂದು, ಹತ್ತಿರದಿಂದ ಸ್ಕೇಲ್ ಪಕ್ಕ ಇಟ್ಟು ಒಂದು. ಹಳೇ ಮದುವೆ ಫೋಟೋದಲ್ಲಿ ಅದೇ ಮಚ್ಚೆ ಕಾಣಿಸ್ತಿದ್ರೆ ಅದೂ ಕಳಿಸಿ, ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ!

ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ರೆ ಜಿಪಿ ನೋಡೋದು ಫ್ರೀ, ಆದ್ರೆ ಅಲ್ಲಿಂದ ಆಸ್ಪತ್ರೆಗೆ ಕಳಿಸಿದ್ರೆ ಬಿಲ್ ಎನ್‌ಎಚ್‌ಎಸ್ ದರದ 150 ಪರ್ಸೆಂಟ್. ಇನ್ಶೂರೆನ್ಸ್‌ನವ್ರು ಹಳೇ ಕಾಯಿಲೆ ಅಂತ ಕೈ ಎತ್ತಬಹುದು, ಹಾಗಾಗಿ ಅಪ್ಪ ಅಮ್ಮನಿಗೆ ಅನುಮಾನದ ಮಚ್ಚೆ ಏನಾದ್ರೂ ಇದ್ರೆ ಫ್ಲೈಟ್ ಹತ್ತೋ ಮುಂಚೆ ಊರಲ್ಲೇ ತೋರಿಸಿ.

ಇನ್ನು "ರಜಾಕ್ಕೆ ಹೋದಾಗ ತುಮಕೂರಲ್ಲೇ ಸುಡಿಸ್ಕೊಂಡ್ ಬರ್ತೀನಿ" ಅನ್ನೋರಿಗೆ. ಕೂದಲು ಕಟ್ಟೋದು, ಸುಣ್ಣ ಸೋಡಾ ಹಚ್ಚೋದು ಬೇಡ್ವೇ ಬೇಡ. ಬದಲಾಗ್ತಿರೋ ಮಚ್ಚೆನ ಸುಟ್ಟುಬಿಟ್ರೆ ಲ್ಯಾಬ್‌ಗೆ ಕಳಿಸಕ್ಕೆ ಏನೂ ಉಳಿಯಲ್ಲ, ಒಳಗೇನಿತ್ತು ಅಂತ ಆಮೇಲೆ ಯಾವ ಡಾಕ್ಟ್ರೂ ಹೇಳಕ್ಕಾಗಲ್ಲ. ಅಲ್ಲೇ ತೆಗೆಸೋದಾದ್ರೆ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿ ಅಂತ ಕೇಳಿ, ರಿಪೋರ್ಟ್ ತಂದು ಇಲ್ಲಿ ಜಿಪಿ ರೆಕಾರ್ಡ್‌ಗೆ ಹಾಕ್ಸಿ.