ಶಾಸ್ತ್ರಿಗಳ ಒತ್ತಕ್ಷರದಿಂದ ಶುರುವಾದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಉಪನಯನದ ಹೇಳಿಕೆ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ನೋಟೀಸು, ನಡುನಡುವೆ ಯಾರದ್ದಾದರೂ ಅರ್ಜಿ. ಕನ್ನಡ, ಮಲಯಾಳಂ ಎರಡೂ ಬೇಕು, ಎಷ್ಟೋ ಸಲ ಒಂದೇ ಕಾಗದದಲ್ಲಿ. ತುಂಬಾ ವರ್ಷ ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಹೊಟ್ಟೆ ಹೊರೆದೆ. ಕಾಸು ಕೊಟ್ಟು ತಂದದ್ದಾ ಅಂತ ಕೇಳಬೇಡಿ. 7ನೇ ಆವೃತ್ತಿಯ ನಂತರ ಅದರಲ್ಲಿ ಹೊಸದು ಬರಲೇ ಇಲ್ಲ, ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯುನಿಕೋಡ್ ಅಂದರೆ ಅದಕ್ಕೆ ಗೊತ್ತೇ ಇಲ್ಲ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ಅದಕ್ಕೆ ಹಾಕಿದರೆ ಬರೀ ಪ್ರಶ್ನೆಚಿಹ್ನೆ. ಮತ್ತೆ ಕೂತು ಎಲ್ಲವನ್ನೂ ಟೈಪ್ ಮಾಡಬೇಕು.

ಬದಲಾಯಿಸಿದ್ದು ಮಗಳಿಂದಾಗಿ. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಪೂರ್ತಿ ಸ್ವತಂತ್ರ ತಂತ್ರಾಂಶದಲ್ಲೇ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದಲ್ಲೇ ನಡೆಯುತ್ತದೆ, ಅದು ನಿಮಗೆ ಗೊತ್ತಿರಬಹುದು. ಕನ್ನಡ ಮಾಧ್ಯಮದಲ್ಲಿ ಓದುವ ಇಲ್ಲಿನ ಮಕ್ಕಳಿಗೂ ಅದೇ: ಚಿತ್ರಕ್ಕೆ ಗಿಂಪ್, ಇಂಕ್‌ಸ್ಕೇಪ್, ಬರವಣಿಗೆಗೆ ಲಿಬ್ರೆಆಫೀಸ್. ಒಂದು ದಿನ ಅವಳು ಅಂಗಡಿಗೆ ಬಂದು, "ಅಪ್ಪ, ಈ ಡಿಸೈನ್ ಇಂಕ್‌ಸ್ಕೇಪಿನಲ್ಲಿ ಹತ್ತು ನಿಮಿಷದ ಕೆಲಸ" ಅಂದಳು. ಮಾಡಿಯೂ ತೋರಿಸಿದಳು. ಮರ್ಯಾದೆ ಪ್ರಶ್ನೆ. ಅಂಗಡಿಯ ಒಂದು ಹಳೇ ಕಂಪ್ಯೂಟರಿಗೆ ಉಬುಂಟು ಅನ್ನುವ ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಪುಟ ಕಟ್ಟಲು ಸ್ಕ್ರೈಬಸ್ ಹಿಡಿದೆ. ಸ್ಕ್ರೈಬಸ್‌ನ ಹಳೇ 1.4ರಲ್ಲಿ ಕನ್ನಡ ಒಡೆದು ಚೂರಾಗುತ್ತಿತ್ತು. 2017ರ 1.5.3ರಲ್ಲಿ ಅಕ್ಷರ ಜೋಡಿಸುವ ಒಳಭಾಗವೇ ಹೊಸದಾಗಿ ಬಂತು. ಆಮೇಲೆ ನಮ್ಮಂಥವರೂ ಅದನ್ನು ಮುಟ್ಟಬಹುದು ಅನ್ನುವ ಹಾಗಾಯಿತು.

ಆಗ ಬಂತು ಒಂದು ಉಪನಯನದ ಹೇಳಿಕೆ ಕಾಗದ. ಮನೆಯವರ ಹೆಸರಿನ ಕೊನೆಗೆ ‘ಶಾಸ್ತ್ರಿ’. ಧರ್ಮಕ್ಕೆ ಸಿಗುವ ಒಂದು ಚಂದದ ಫಾಂಟು ಹಾಕಿ, ದಪ್ಪಕ್ಷರ ಮಾಡಿ, ಪ್ರೂಫ್ ತೆಗೆದೆ. ‘ಸ್ತ್ರಿ’ಯಲ್ಲಿ ತಕಾರದ ಒತ್ತಿನ ಮೇಲೆ ರಕಾರದ ಒತ್ತು ಹತ್ತಿ ಕೂತಿತ್ತು, ಶಾಯಿ ಚೆಲ್ಲಿದ ಹಾಗೆ. ಅದೇ ಕಾಗದದ ಮಲಯಾಳಂ ಬದಿ ಮುತ್ತು ಪೋಣಿಸಿದ ಹಾಗಿತ್ತು. ಮನೆಯ ಹಿರಿಯರು ಕನ್ನಡಕ ಏರಿಸಿ ನೋಡಿ, "ಇದೆಂತ ಮಾರಾಯ, ನಮ್ಮ ಹೆಸರಿಗೇ ಒಡ್ಡು ಕಟ್ಟಿದ್ದೀಯಲ್ಲ" ಅಂದರು. ಆ ದಿನ ಬೇರೆ ಫಾಂಟು ಹಾಕಿ ಬಚಾವಾದೆ.

ರಾತ್ರಿ ಸಿಟ್ಟಿನಲ್ಲಿ ಆ ಫಾಂಟು ಮಾಡಿದವರಿಗೆ ಬರೆದೆ. ನನ್ನ ಇಂಗ್ಲಿಷಿನಲ್ಲಿ ಒಂದೇ ಸಾಲು: ಕನ್ನಡ ಸರಿ ಬರುವುದಿಲ್ಲ, ಸರಿ ಮಾಡಿ. ಎರಡು ದಿನ ಬಿಟ್ಟು ಉತ್ತರ ಬಂತು, ತುಂಬಾ ಮರ್ಯಾದೆಯ ಉತ್ತರ. ಯಾವ ಆವೃತ್ತಿ, ಯಾವ ಪ್ರೋಗ್ರಾಮು, ಯಾವ ಶಬ್ದ, ಹೇಗೆ ಬರಬೇಕಿತ್ತು, ಹೇಗೆ ಬಂದಿದೆ? ಕೊನೆಯಲ್ಲಿ ಒಂದು ಸಾಲು: ನನಗೆ ಕನ್ನಡ ಓದಲು ಬರುವುದಿಲ್ಲ, ಎರಡು ಚಿತ್ರದಲ್ಲಿ ಯಾವುದು ಸರಿ ಅಂತ ನೀವೇ ಹೇಳಬೇಕು.

ಅದನ್ನು ಓದಿ ನನ್ನ ಸಿಟ್ಟೆಲ್ಲ ಇಳಿಯಿತು. ಆ ಮನುಷ್ಯ ಯಾವ ದೇಶದವನೋ, ನಮ್ಮ ಅಕ್ಷರ ಅವನಿಗೆ ಬರೀ ಗೆರೆ. ಅವನಿಗೆ ಪ್ರೋಗ್ರಾಮಿಂಗ್ ಗೊತ್ತು, ‘ಶಾಸ್ತ್ರಿ’ ಗೊತ್ತಿಲ್ಲ. ನನಗೆ ಶಾಸ್ತ್ರಿ ಗೊತ್ತು.

ಮತ್ತೆ ಸರಿಯಾಗಿ ಕೂತೆ. ಮೊದಲು ತಪ್ಪು ಯಾರದು ಅಂತ ನೋಡಬೇಕು, ಫಾಂಟಿನದ್ದೋ ಪ್ರೋಗ್ರಾಮಿನದ್ದೋ. ಅದೇ ಶಬ್ದ, ಅದೇ ಫಾಂಟು, ಸ್ಕ್ರೈಬಸ್, ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೂರರಲ್ಲೂ ಹಾಕಿ ನೋಡಿದೆ. ಈ ಮೂರೂ ಅಕ್ಷರ ಜೋಡಿಸುವುದಕ್ಕೆ ಹಾರ್ಫ್‌ಬಝ್ ಅನ್ನುವ ಒಂದೇ ಸ್ವತಂತ್ರ ತಂತ್ರಾಂಶವನ್ನು ನಂಬಿವೆ. ಮೂರರಲ್ಲೂ ಒಂದೇ ತರ ಕೆಟ್ಟಿತ್ತು. ಫಾಂಟು ಬದಲಾಯಿಸಿದರೆ ಮೂರರಲ್ಲೂ ಸರಿ. ಹಾಗಾದರೆ ತಪ್ಪು ಫಾಂಟಿನದ್ದೇ. ಆಮೇಲೆ ‘ಸ್ತ್ರಿ’ಯನ್ನು ಬಿಡಿಸಿ ಬರೆದೆ: ಸಕಾರ, ವಿರಾಮ (‘್’ ಚಿಹ್ನೆ), ತಕಾರ, ವಿರಾಮ, ರಕಾರ, ಇಕಾರದ ಗುಣಿತ. ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಚಿಹ್ನೆ. ಬಿಳಿ ಹಾಳೆಯಲ್ಲಿ ಮಾರ್ಕರಿನಿಂದ ದೊಡ್ಡದಾಗಿ ‘ಸ್ತ್ರಿ’ ಬರೆದು, ಎರಡು ಒತ್ತಿನ ನಡುವೆ ಎಷ್ಟು ಜಾಗ ಬೇಕು ಅಂತ ಬಾಣ ಹಾಕಿ, ಫೋಟೋ ತೆಗೆದು ಕಳಿಸಿದೆ. ಜೊತೆಗೆ ಇದೇ ಕಾಯಿಲೆ ಇರುವ ಇನ್ನಷ್ಟು ಶಬ್ದ: ರಾಷ್ಟ್ರ, ವಸ್ತ್ರ, ಅಸ್ತ್ರ, ಉಷ್ಟ್ರ. ಉಷ್ಟ್ರವನ್ನು, ಅಂದರೆ ಒಂಟೆಯನ್ನು, ಯಾವ ಮದುವೆ ಕಾಗದದಲ್ಲೂ ನಾನು ಬರೆದದ್ದಿಲ್ಲ, ಇರಲಿ ಅಂತ ಹಾಕಿದೆ.

ಏಳು ತಿಂಗಳು ಹಿಡಿಯಿತು. ನಡುವೆ ಮೂರು ಸಲ ‘ಇದನ್ನು ಹಾಕಿ ನೋಡಿ’ ಅಂತ ಪರೀಕ್ಷೆಯ ಫಾಂಟು ಬಂತು. ಒಂದು ಸಲ ‘ಸ್ತ್ರಿ’ ಸರಿಯಾಯಿತು, ‘ಷ್ಟ್ರ’ ಕೆಟ್ಟಿತು. ಪ್ರತಿ ಸಲ ಪ್ರಿಂಟ್ ತೆಗೆದು ನೋಡಿ ಬರೆದೆ, ಏಕೆಂದರೆ ಪರದೆಯಲ್ಲಿ ಚಂದ ಕಂಡದ್ದು ಕಾಗದದಲ್ಲಿ ಅಂಟಿಕೊಳ್ಳುವುದುಂಟು. ನಾನು ಒಂದು ಸಾಲು ಕೋಡ್ ಬರೆದಿಲ್ಲ.

ಕೇರಳದಲ್ಲಿ ಇದ್ದುಕೊಂಡು ಒಂದು ಹೊಟ್ಟೆಕಿಚ್ಚಿನ ಮಾತು ಹೇಳುತ್ತೇನೆ. ಮಲಯಾಳಂಗೆ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಅನ್ನುವ ಗುಂಪು 2002ರಿಂದ ಇದೆ. ಮಂಜರಿ, ಮೀರ, ರಚನ ಅಂತ ಫಾಂಟುಗಳನ್ನು ನೋಡಿಕೊಳ್ಳುವುದು, ತಪ್ಪು ಬಂದರೆ ತಿದ್ದುವುದು, ಎಲ್ಲ ಭಾಷೆ ಗೊತ್ತಿದ್ದವರೇ. ನಮ್ಮಲ್ಲೂ ಗುಬ್ಬಿ, ನವಿಲು ಅಂತ ಒಳ್ಳೆಯ ಸ್ವತಂತ್ರ ಫಾಂಟುಗಳಿವೆ. ಬಳಸುವವರು ಸಾವಿರ, ಸರಿಯಿಲ್ಲ ಅಂತ ಗೊಣಗುವವರು ಅದಕ್ಕಿಂತ ಜಾಸ್ತಿ, ಕೂತು ವಿವರವಾಗಿ ಬರೆಯುವವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಈ ತಂತ್ರಾಂಶಗಳ ಮೆನು, ಸಂದೇಶಗಳನ್ನು ಕನ್ನಡಕ್ಕೆ ತರುವ ಅನುವಾದಕ್ಕೂ ಕೈ ಹಾಕಿದೆ. ಫೈರ್‌ಫಾಕ್ಸಿನದು ಪಾಂಟೂನ್ ಅನ್ನುವ ಜಾಗದಲ್ಲಿ, ಲಿಬ್ರೆಆಫೀಸಿನದು ವೆಬ್ಲೇಟ್‌ನಲ್ಲಿ. ಬ್ರೌಸರಿನಲ್ಲೇ ಕೂತು ಮಾಡಬಹುದು, ಏನೂ ಹಾಕಿಕೊಳ್ಳಬೇಕಾಗಿಲ್ಲ. ಸುಲಭ ಅಂದುಕೊಂಡೆ. ‘ರೈಟ್’ ಅಂತ ಒಂದೇ ಶಬ್ದ ಬರುತ್ತದೆ: ಬಲಗಡೆಯೋ, ಸರಿಯೋ? ‘ಓಪನ್’: ತೆರೆ ಅಂತ ಆಜ್ಞೆಯೋ, ತೆರೆದಿದೆ ಅಂತ ಸ್ಥಿತಿಯೋ? ಪ್ರೋಗ್ರಾಮು ತೆಗೆದು ಆ ಮೆನು ಎಲ್ಲಿದೆ ಅಂತ ಹುಡುಕದೆ ಅನುವಾದ ಮಾಡಿದರೆ ಅಪಹಾಸ್ಯ.

ಅದಕ್ಕಿಂತ ದೊಡ್ಡ ತಲೆನೋವು ವಿಭಕ್ತಿಯದ್ದು. ಇಂಗ್ಲಿಷಿನಲ್ಲಿ ಒಂದು ಖಾಲಿ ಜಾಗ ಬಿಟ್ಟು ‘ಅಳಿಸಲಾಯಿತು’ ಅಂತ ಸಾಲು ಇರುತ್ತದೆ, ಆ ಜಾಗದಲ್ಲಿ ಕಡತದ ಹೆಸರು ಬಂದು ಕೂರುತ್ತದೆ. ಕನ್ನಡದಲ್ಲಿ ಆ ಹೆಸರಿಗೆ ‘ಅನ್ನು’ ಅಂಟಬೇಕು. ರಾಮನ್ನು ಅಂತ ಆಗುವುದಿಲ್ಲ, ರಾಮನನ್ನು. ಮನೆಯಾದರೆ ಮನೆಯನ್ನು, ಕಾಡಾದರೆ ಕಾಡನ್ನು. ಯಾವ ಹೆಸರು ಬರುತ್ತದೆ ಅಂತ ಯಾರಿಗೆ ಗೊತ್ತು? ನನಗಿಂತ ಹಿಂದಿನವರು ಕೆಲವು ಕಡೆ ಸುಮ್ನೆ ‘ಅನ್ನು’ ಅಂಟಿಸಿ ಹೋಗಿದ್ದರು, ‘ಮದುವೆಅನ್ನು ಅಳಿಸಲಾಯಿತು’ ಅಂತ ಪರದೆಯಲ್ಲಿ ಬರುತ್ತಿತ್ತು! ಮದುವೆ ಕಾಗದದ ಅಂಗಡಿಯಲ್ಲಿ ಅದು ಬೇಡವಾದ ಮಾತು. ಪರಿಹಾರ ಸುಲಭ: ‘ಮದುವೆ ಎಂಬ ಕಡತವನ್ನು ಅಳಿಸಲಾಯಿತು’. ಪ್ರತ್ಯಯವನ್ನು ನಮ್ಮ ಕೈಯಲ್ಲಿರುವ ಶಬ್ದಕ್ಕೆ ಅಂಟಿಸಿದರೆ ಆಯಿತು. ಇಂಥ ಸಾಲುಗಳನ್ನು ಒಂದೊಂದಾಗಿ ಹುಡುಕಿ ತಿದ್ದುವುದರಲ್ಲೇ ಒಂದು ಮಳೆಗಾಲ ಕಳೆಯಿತು.

ಶಬ್ದದ ಜಗಳವೂ ಇದೆ. ಪ್ರಿವ್ಯೂಗೆ ‘ಪೂರ್ವವೀಕ್ಷಣೆ’ ಅಂದರೆ ನನ್ನ ಮಗಳ ಕ್ಲಾಸಿನವರಿಗೆ ಅರ್ಥವಾಗಲಿಲ್ಲ. ನಾಲ್ಕು ಮಕ್ಕಳನ್ನು ಅಂಗಡಿಗೆ ಕರೆದು, ಗೋಳಿಬಜೆ ತಿನ್ನಿಸಿ, ಕನ್ನಡ ಮೆನು ತೆರೆದು ಕೊಟ್ಟು ಸುಮ್ಮನೆ ಹಿಂದೆ ನಿಂತೆ. ಎಲ್ಲಿ ತಡೆದು ನಿಲ್ಲುತ್ತಾರೆ ಅಂತ ಬರೆದುಕೊಂಡೆ. ಒಬ್ಬ ಹುಡುಗ ‘ಮುದ್ರಿಸು’ ಹುಡುಕಲು ಒಂದು ನಿಮಿಷ ತೆಗೆದುಕೊಂಡ, ಆಮೇಲೆ "ಮಾಮ, ಪ್ರಿಂಟ್ ಅಂತ ಹಾಕಿದ್ರೆ ಎಂತ ಆಗ್ತದೆ?" ಅಂದ. ನಾನು ಅವನ ಪಕ್ಷ. ಅನುವಾದದಲ್ಲಿ ನನ್ನ ಜೊತೆ ಇರುವ ಹಿರಿಯರೊಬ್ಬರು ಅವನ ಪಕ್ಷ ಅಲ್ಲ. ಸದ್ಯಕ್ಕೆ ‘ಮುದ್ರಿಸು’ ಉಳಿದಿದೆ.

ಹೊಸಬರು ಬಂದರೆ ಎಲ್ಲರೂ ಅನುವಾದಕ್ಕೇ ನುಗ್ಗುತ್ತಾರೆ, ರಾಜ್ಯೋತ್ಸವದ ವಾರದಲ್ಲಿ ಇನ್ನೂ ಜಾಸ್ತಿ. ಆಮೇಲೆ ಕಾಣಿಸುವುದಿಲ್ಲ. ಹೊಸ ಆವೃತ್ತಿ ಬಂದಾಗ ಇಂಗ್ಲಿಷ್ ಸಾಲು ಬದಲಾದರೆ ಹಳೇ ಅನುವಾದ ‘ಸಂದೇಹ’ ಅಂತ ಗುರುತಾಗಿ ಬದಿಗೆ ಹೋಗುತ್ತದೆ, ಬಳಸುವವರಿಗೆ ಮತ್ತೆ ಇಂಗ್ಲಿಷೇ ಕಾಣುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಮೆನು ನೋಡಿದ್ದೀರಲ್ಲ, ಕಾರಣ ಇದೇ. ಪರೀಕ್ಷೆ ಮಾಡುವವರು, ಹಳೇ ದೂರಿಗೆ ‘ಈಗಲೂ ಇದೆಯಾ’ ಅಂತ ನೋಡಿ ಹೇಳುವವರು, ನಮ್ಮ ಮಕ್ಕಳಿಗೆ ಅರ್ಥವಾಗುವ ಎರಡು ಪುಟದ ಕೈಪಿಡಿ ಬರೆಯುವವರು, ಇವರೇ ಬೇಕಾಗಿರುವುದು. ದುಡ್ಡು ಕೊಡುವುದೂ ಒಳ್ಳೆಯದೇ. ನಾನು ವರ್ಷಕ್ಕೊಂದು ಸಲ ಸ್ವಲ್ಪ ಕೊಡುತ್ತೇನೆ, ಅದು ಪೇಜ್‌ಮೇಕರಿನ ಪಾಪಕ್ಕೆ ಪ್ರಾಯಶ್ಚಿತ್ತ.

2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಅನ್ನುವ, ಕಡತ ಕುಗ್ಗಿಸುವ ಸಣ್ಣ ಸ್ವತಂತ್ರ ತಂತ್ರಾಂಶದೊಳಗೆ ಯಾರೋ ಕಳ್ಳದಾರಿ ಇಟ್ಟದ್ದು ಸಿಕ್ಕಿಬಿತ್ತು. ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದದ್ದು ಹೆಚ್ಚುಕಡಿಮೆ ಒಬ್ಬರೇ, ದಣಿದಿದ್ದರು, ಸಹಾಯಕ್ಕೆ ಬಂದವನೇ ಕೈಕೊಟ್ಟ. ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್, ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆ ಅಂತ ಸಂಶಯ ಬಂದು ಬೆನ್ನು ಹತ್ತಿದ್ದಕ್ಕೆ. ಅವರು ದೊಡ್ಡ ಎಂಜಿನಿಯರು, ನನಗೆ ಹೋಲಿಕೆ ಇಲ್ಲ. ಆದರೆ ಆ ಫಾಂಟಿನವನಿಗೆ ದೂರು ಬರೆಯುವಾಗ ಈಗ ಕೊನೆಯಲ್ಲಿ ಒಂದು ಥ್ಯಾಂಕ್ಸ್ ಹಾಕುತ್ತೇನೆ, ಮೊದಲು ಹಾಕುತ್ತಿರಲಿಲ್ಲ.

ಮೊನ್ನೆ ಒಬ್ಬರು ಮದುವೆ ಕಾಗದದ ಮೇಲೆ ಒಂದು ಸಾಲು ತುಳು ಲಿಪಿಯಲ್ಲಿ ಬೇಕು ಅಂತ ಬಂದರು. ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೇ ಆವೃತ್ತಿಯಲ್ಲಿ. ಅವರು ಪೆನ್‌ಡ್ರೈವಿನಲ್ಲಿ ತಂದ ಫಾಂಟು ಕನ್ನಡ ಅಕ್ಷರಗಳ ಜಾಗದಲ್ಲಿ ತುಳು ಆಕಾರ ಕೂರಿಸಿದ್ದು. ಫಾಂಟು ತೆಗೆದರೆ ಮತ್ತೆ ಕನ್ನಡವೇ. ನಮ್ಮ ಹಳೇ ಪೇಜ್‌ಮೇಕರ್ ಕಾಲದ್ದೇ ಕಥೆ, ಆಗ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರುತ್ತಿತ್ತು. ಸದ್ಯಕ್ಕೆ ಅದರಲ್ಲೇ ಸಾಲು ಮಾಡಿ, ಚಿತ್ರ ಮಾಡಿ ಅಂಟಿಸಿ ಕೊಟ್ಟೆ. ಸಂಕೇತ ಸಿಕ್ಕಿದೆ ಅಂದಮಾತ್ರಕ್ಕೆ ಆಗಲಿಲ್ಲ, ಆ ಸಂಕೇತಕ್ಕೆ ಸರಿಯಾದ ಫಾಂಟು ಬೇಕು, ಕೀಬೋರ್ಡ್ ಬೇಕು, ಒತ್ತಕ್ಷರ ಸರಿಯೋ ತಪ್ಪೋ ಅಂತ ಹೇಳುವ ತಾಳೆಗರಿ ಓದಿದ ಕಣ್ಣು ಬೇಕು. ನನಗೆ ಆ ಲಿಪಿ ಓದಲು ಬರುವುದಿಲ್ಲ. ಪೆರ್ಲದ ಕಡೆ ಓದಬಲ್ಲ ಒಬ್ಬ ಭಟ್ಟರಿದ್ದಾರೆ ಅಂತ ಕೇಳಿದ್ದೇನೆ. ಅವರ ಬಳಿ ಸ್ಮಾರ್ಟ್‌ಫೋನ್ ಇಲ್ಲವಂತೆ. ಬರುವ ಭಾನುವಾರ ಬಿಳಿ ಹಾಳೆ, ಮಾರ್ಕರು ಹಿಡಿದು ಹೋಗುವುದು ಅಂತ ಇದೆ.