ವೈರಸ್ ಪರೀಕ್ಷೆಯ ರಕ್ತವನ್ನು ಕೆಡದಂತೆ ಇಡುವುದು ಹೇಗೆ?

ಎಚ್‌ಐವಿ, ಹೆಪಟೈಟಿಸ್ ಸಿ ವೈರಸ್‌ಗಳ ಪ್ರಮಾಣ ಅಳೆಯುವ ಪಿಸಿಆರ್ ಪರೀಕ್ಷೆ ಹುಡುಕುವುದು ಅವುಗಳ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನು. ಅದು ಬಹಳ ನಾಜೂಕು. ರಕ್ತದಲ್ಲೇ ಇರುವ ಕಿಣ್ವಗಳು ಅದನ್ನು ಕತ್ತರಿಸಿಹಾಕುತ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಆಗ ರೋಗಿಯ ಮೈಯಲ್ಲಿರುವ ವೈರಸ್ ವರದಿಯಲ್ಲಿ ಕಡಿಮೆ ಕಾಣುತ್ತದೆ. ಔಷಧ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ವೈದ್ಯರೂ ನಂಬುತ್ತಾರೆ. ನನಗೆ ಹೆಚ್ಚು ಭಯ ಈ ತಪ್ಪಿನದೇ.

ಮೊದಲಿಗೆ, ನೇರಳೆ ಮುಚ್ಚಳದ ಇಡಿಟಿಎ (ರಕ್ತ ಗರಣೆಗಟ್ಟದಂತೆ ತಡೆಯುವ ರಾಸಾಯನಿಕ) ಕೊಳವೆಯಲ್ಲಿ ರಕ್ತ ತೆಗೆಯಿರಿ. ಅದೇ ಕೆಲಸದ ಇನ್ನೊಂದು ರಾಸಾಯನಿಕವಾದ ಹೆಪಾರಿನ್ ಇರುವ ಕೊಳವೆ ಬೇಡ, ಅದು ಪಿಸಿಆರ್ ಅನ್ನೇ ತಡೆಯುತ್ತದೆ. ಕೊಳವೆಯನ್ನು 8–10 ಬಾರಿ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ರಕ್ತ ತೆಗೆದ ಗಂಟೆಯನ್ನು ಚೀಟಿಯ ಮೇಲೆ ಆಗಲೇ ಬರೆಯಿರಿ. ಮುಂದಿನ ಲೆಕ್ಕವೆಲ್ಲ ಅಲ್ಲಿಂದ.

ಎರಡನೆಯದು, ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವ, ಬೇರ್ಪಡಿಸುವುದು. ಅನೇಕ ಪರೀಕ್ಷಾ ಕಿಟ್‌ಗಳು ಇದಕ್ಕೆ 24 ಗಂಟೆ ಕೊಡುತ್ತವೆ. ನಿಮ್ಮ ಕಿಟ್‌ನ ಸೂಚನೆಯೇ ಅಂತಿಮ. ಸೆಂಟ್ರಿಫ್ಯೂಜ್‌ನಿಂದ (ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಹೊರಬಂದ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ. ಮೇಲಿನ ಪದರ ಒಣಹುಲ್ಲಿನ ಬಣ್ಣದ್ದಾಗಿರಬೇಕು. ಕೆಂಪು ತಿರುಗಿದ್ದರೆ ಕೆಂಪು ರಕ್ತಕಣಗಳು ಒಡೆದಿವೆ. ಹೊರಬಂದ ಹಿಮೋಗ್ಲೋಬಿನ್ ಪರೀಕ್ಷೆಗೆ ಅಡ್ಡಿ. ‘ನಾಳೆ ನೋಡೋಣ’ ಎಂದು ಬೇರ್ಪಡಿಸದ ರಕ್ತವನ್ನೇ ಫ್ರೀಜರ್‌ಗೆ ಹಾಕಿದರೂ ಆಗುವುದು ಇದೇ. ದಯವಿಟ್ಟು ಹಾಗೆ ಮಾಡಬೇಡಿ.

ಬೇರ್ಪಡಿಸಿದ ಪ್ಲಾಸ್ಮಾ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ದಿನ ತಡೆಯುತ್ತದೆ. ತಿಂಗಳುಗಟ್ಟಲೆ ಇಡಬೇಕಾದರೆ ಮೈನಸ್ 70 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಿ. ಇಡುವ ಮೊದಲೇ ಸಣ್ಣ ಕೊಳವೆಗಳಿಗೆ ಹಂಚಿಬಿಡಿ. ಪ್ರತಿ ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಾಗಲೂ ಒಂದಿಷ್ಟು ಆರ್‌ಎನ್‌ಎ ಹಾಳಾಗಬಹುದು. ಹಂಚಿಟ್ಟರೆ ಬೇಕಾದ ಒಂದನ್ನೇ ಹೊರತೆಗೆದರೆ ಸಾಕು. ತಾನಾಗಿಯೇ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಈ ಕೆಲಸಕ್ಕೆ ಆಗದು: ಹಿಮ ಕರಗಿಸಲು ಅದು ಆಗಾಗ ಬೆಚ್ಚಗಾಗುತ್ತದೆ, ಬಾಗಿಲು ಮುಚ್ಚಿಯೇ ಇದ್ದರೂ.

ಸಾಗಿಸುವಾಗ ಬೇರ್ಪಡಿಸದ ರಕ್ತದ ಕೊಳವೆ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್‌ಗೆ ನೇರವಾಗಿ ತಾಗದಿರಲಿ, ತಾಗಿದ ಕಡೆ ರಕ್ತ ಮಂಜುಗಡ್ಡೆಯಾಗಬಹುದು. ನಡುವೆ ದಪ್ಪ ಬಟ್ಟೆಯೋ ಕಾಗದವೋ ಇಡಿ.

ಸೆಂಟ್ರಿಫ್ಯೂಜೂ ಫ್ರೀಜರೂ ಇಲ್ಲದ ಕಡೆ, ಪ್ರಯೋಗಾಲಯ ಒಪ್ಪುವುದಾದರೆ, ರಕ್ತದ ಹನಿಗಳನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಕಳುಹಿಸಬಹುದು. ಬಿಸಿಲಿಗಿಡದೆ, ಒಂದರ ಮೇಲೊಂದು ಪೇರಿಸದೆ, ರಾತ್ರಿಯಿಡೀ ಒಣಗಲು ಬಿಡಿ. ಆಮೇಲೆ ತೇವ ಹೀರುವ ಪೊಟ್ಟಣದೊಂದಿಗೆ ಚೀಲದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ.