ರಿಮ್‌ವರ್ಲ್ಡ್‌ಗೆ ಮಾಡ್ ಹಾಕಿದ ಮೇಲೆ ಮೆನು ಮಾಯವಾದರೆ

ರಿಮ್‌ವರ್ಲ್ಡ್ ಎಂಬ ಕಂಪ್ಯೂಟರ್ ಆಟಕ್ಕೆ ಮಾಡ್ (ಆಟವನ್ನು ಬದಲಿಸಲು ಬೇರೆಯವರು ಬರೆದ ಸೇರ್ಪಡೆ) ಹಾಕಿದ್ದೆ. ಈಗ ಆಟ ತೆರೆದರೆ ಹಿನ್ನೆಲೆ ಚಿತ್ರ ಬರುತ್ತದೆ, ಸಂಗೀತವೂ ಕೇಳಿಸುತ್ತದೆ. ಆದರೆ ಮೆನುವಿನ ಬಟನ್‌ಗಳೇ ಇಲ್ಲ, ಎರರ್‌ಗಳನ್ನು ತೋರಿಸುವ ಲಾಗ್ ತುಂಬ ಕೆಂಪು ಅಕ್ಷರ.

ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ, ಆಗಲಿಲ್ಲ. ಸ್ಟೀಮ್‌ನಲ್ಲಿ ಫೈಲ್ ವೆರಿಫೈ ಮಾಡಿದರೂ ಅದೇ ಕಥೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರ‍್ಯಾಮ್ ತಂದು ಹಾಕಿದ್ದೂ ಆಯ್ತು. ಲ್ಯಾಪ್‌ಟಾಪ್ ಚುರುಕಾಯಿತು, ಮೆನು ಬರಲಿಲ್ಲ.

ಕಾರಣ, ಯಾವ ಮಾಡ್‌ಗಳು ಓಡಬೇಕೆಂಬ ಪಟ್ಟಿ ಆಟದ ಫೋಲ್ಡರ್‌ನಲ್ಲಿ ಇರುವುದೇ ಇಲ್ಲ. ವಿಂಡೋಸ್‌ನಲ್ಲಿ ಅದು ಆಪ್‌ಡೇಟಾ, ಲೋಕಲ್‌ಲೋ, ಲುಡಿಯನ್ ಸ್ಟುಡಿಯೋಸ್, ರಿಮ್‌ವರ್ಲ್ಡ್ ಬೈ ಲುಡಿಯನ್ ಸ್ಟುಡಿಯೋಸ್, ಕಾನ್ಫಿಗ್ ಎಂದು ಒಂದರೊಳಗೊಂದು ಇರುವ ಫೋಲ್ಡರ್‌ಗಳ ತಳದಲ್ಲಿದೆ. ಆಪ್‌ಡೇಟಾ ಕಾಣದಿದ್ದರೆ ಹಿಡನ್ ಐಟಮ್ಸ್ ಟಿಕ್ ಮಾಡಿ. ಆಟ ಮುಚ್ಚಿ, ಅಲ್ಲಿರುವ ಮಾಡ್ಸ್‌ಕಾನ್ಫಿಗ್ ಫೈಲನ್ನು ಡೆಸ್ಕ್‌ಟಾಪ್‌ಗೆ ಎತ್ತಿಡಿ. ಸೇವ್‌ಗಳು ಬೇರೆ ಫೋಲ್ಡರ್‌ನಲ್ಲಿವೆ, ಅವಕ್ಕೇನೂ ಆಗಲ್ಲ. ಈಗ ಆಟ ಮಾಡ್‌ಗಳಿಲ್ಲದೆ ತೆರೆಯುತ್ತದೆ, ಮೆನುವೂ ಬರುತ್ತದೆ.

ಮತ್ತೆ ಸೇರಿಸುವಾಗ ಕ್ರಮ ಮುಖ್ಯ. ಬೇರೆ ಮಾಡ್‌ಗಳಿಗೆ ಆಧಾರವಾಗುವ ಹಾರ್ಮನಿ ಎಂಬ ಮಾಡ್ ಎಲ್ಲಕ್ಕಿಂತ ಮೇಲೆ, ಕೋರ್‌ಗಿಂತಲೂ (ಅಂದರೆ ಮೂಲ ಆಟಕ್ಕಿಂತಲೂ) ಮೇಲೆ. ಆಮೇಲೆ ಕೋರ್, ಡಿಎಲ್‌ಸಿಗಳು (ಆಟದ ಅಧಿಕೃತ ವಿಸ್ತರಣೆಗಳು), ಹಾರ್ಮನಿಯಂಥದ್ದೇ ಇನ್ನೊಂದು ಆಧಾರ ಮಾಡ್ ಹಗ್ಸ್‌ಲಿಬ್, ಕೊನೆಗೆ ಉಳಿದವು. ಎಲ್ಲ ಒಟ್ಟಿಗೆ ಬೇಡ, ಐದೈದಾಗಿ ಹಾಕಿ ಪ್ರತಿ ಸಲ ರೀಸ್ಟಾರ್ಟ್ ಮಾಡಿ. ಕೆಂಪು ಬಂದರೆ ಮೊದಲ ಎರರ್ ಓದಿ. ಕೆಳಗಿನವು ಹೆಚ್ಚಾಗಿ ಅದರ ಬಾಲ ಅಷ್ಟೇ. ನನಗೆ ಸಿಕ್ಕಿಬಿದ್ದದ್ದು ಆಟದ 1.4 ಆವೃತ್ತಿಗೆ ಬರೆದ ಒಂದು ಸ್ಟೋರೇಜ್ ಮಾಡ್, ನನ್ನ ಆಟ 1.6. ಅದನ್ನು ಸ್ಟೀಮ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಮಾಡಿದೆ, ಉಳಿದವೆಲ್ಲ ಓಡುತ್ತಿವೆ.